ದಬ್ಬಳದ ಹೊಲಿಗೆ

ದರ್ಜಿಯವರು ಕೈಗೆ ಸಿಕ್ಕಿದ್ದನ್ನೆಲ್ಲ ಹೊಲಿಯುವ ಆಸಾಮಿ. ಹರಿದ ಪರದೆ, ಕಿತ್ತುಹೋದ ಚೀಲದ ಹಿಡಿ, ಅಷ್ಟೇ ಯಾಕೆ, ಕ್ಯಾಲೆಂಡರಿನ ಹಾಳೆಯನ್ನೂ ಬಿಟ್ಟವರಲ್ಲ. ಕಳೆದ ತಿಂಗಳು ಹೆಂಡತಿ ಸ್ಟೀರಿಯೋದ ವೈರಿಗೆ ಕಾಲು ಸಿಕ್ಕಿಸಿಕೊಂಡು ಮುಗ್ಗರಿಸಿದ್ದೇ ತಡ, ದಬ್ಬಳ, ದಪ್ಪ ದಾರ ಹಿಡಿದು ಕೂತು ಆ ವೈರನ್ನು ಜಮಖಾನೆಯ ಅಂಚಿಗೆ ಉದ್ದಕ್ಕೂ ಹೊಲಿದುಬಿಟ್ಟರು. ಬಂದವರನ್ನೆಲ್ಲ ಬಗ್ಗಿಸಿ ತೋರಿಸಿದ್ದೇ ತೋರಿಸಿದ್ದು.

ಅಲ್ಲಿಂದ ಹೆಂಡತಿ ಮೆತ್ತಗಾದಳು. ಎಡಗಡೆ ಸ್ಪೀಕರಿನ ಪಕ್ಕದ ಕುರ್ಚಿ ಅವಳದು. ಬಲಗಡೆಯದರ ಪಕ್ಕ ಇವರ ಹೊಲಿಗೆ ಯಂತ್ರ. ಸಂಜೆ ಹಾಡು ಹಾಕಿದರೆ ಕತ್ತು ತಿರುಗಿಸಿ ಬಲಗಿವಿ ಕೊಟ್ಟು, "ಸ್ವಲ್ಪ ಜೋರು ಮಾಡ್ರೀ" ಅನ್ನುತ್ತಿದ್ದಳು. ಆಮೇಲೆ ಅದನ್ನೂ ಬಿಟ್ಟು, ಹಾಡು ಶುರುವಾದರೆ ಅಡುಗೆಮನೆಗೆ ಎದ್ದುಹೋಗತೊಡಗಿದಳು. ಯಂತ್ರದ ಕಟಕಟದಲ್ಲಿ ಮುಳುಗಿದ್ದ ಈ ಪುಣ್ಯಾತ್ಮರಿಗೆ ಇದ್ಯಾವುದರ ಪರಿವೆಯೂ ಇರಲಿಲ್ಲ.

ಒಂದು ಸಂಜೆ ಅವಳ ಕನ್ನಡಕದ ಡಬ್ಬಿಯಲ್ಲಿ ಕಿವಿ ಡಾಕ್ಟರರ ಚೀಟಿ ಸಿಕ್ಕಿತು. ಮರುದಿನಕ್ಕೆ ಬರಹೇಳಿದ್ದರು.

"ಏನೇ ಇದು?"

"ಎಡಗಿವಿ ಹೋಗ್ತಿದೆ ರೀ. ನಮ್ಮಮ್ಮನಿಗೂ ಹೀಗೇ ಶುರುವಾಗಿದ್ದು. ನಿಮಗ್ಯಾಕೆ ಹೇಳಿ ಹೆದರಿಸ್ಲಿ ಅಂತ ಸುಮ್ಮನಿದ್ದೆ."

ಅವಳಿಗೆ ಎಷ್ಟು ಕೇಳಿಸುತ್ತದೋ ನೋಡೋಣವೆಂದು ದರ್ಜಿಯವರು ಎದ್ದರು. ಹಾಡು ಹಾಕಿ, ಅವಳ ಕುರ್ಚಿಯಲ್ಲಿ ಕೂತು ಎಡ ಸ್ಪೀಕರಿಗೆ ಕಿವಿ ಹಚ್ಚಿದರು. ಸದ್ದೇ ಇಲ್ಲ.

"ಲೇ, ಇದರಲ್ಲಿ ನನಗೂ ಏನೂ ಕೇಳಿಸ್ತಿಲ್ಲ!"

"ಸಮಾಧಾನ ಮಾಡೋಕೆ ಸುಳ್ಳು ಹೇಳ್ಬೇಡಿ."

ಸ್ಪೀಕರುಗಳನ್ನು ಅದಲುಬದಲು ಮಾಡಿದರು. ಮೂಕವಾಗಿದ್ದದ್ದು ಬಲಗಡೆಗೆ ಬಂದು ಹಾಡಿತು. ಹಾಡುತ್ತಿದ್ದದ್ದು ಎಡಗಡೆಗೆ ಹೋಗಿ ಬಾಯಿ ಮುಚ್ಚಿಕೊಂಡಿತು. ಸ್ಪೀಕರಿನ ತಪ್ಪಲ್ಲ, ಹಾಗಾದರೆ ವೈರಿನದೇ. ಸ್ವಿಚ್ ಆರಿಸಿ, ಮಂಡಿಯೂರಿ, ಹೊಲಿಗೆಯ ಮೇಲೆ ಬೆರಳಾಡಿಸುತ್ತಾ ಹೋದರು. ಒಂದು ಕಡೆ ಬೆರಳು ನಿಂತಿತು. ದಬ್ಬಳ ವೈರಿನ ಪಕ್ಕಕ್ಕೆ ಇಳಿಯದೆ ನಡುವಿಗೇ ಇಳಿದಿತ್ತು. ಒಳಗಿನ ತಾಮ್ರದ ಎಳೆಗಳು ತುಂಡಾಗಿದ್ದವು.

ನಾಚಿಕೆಯಿಂದ ಅವರ ಮುಖ ಇಷ್ಟು ಚಿಕ್ಕದಾಯಿತು.

"ನಿನ್ನ ಕಿವಿಗೆ ಏನೂ ಆಗಿಲ್ಲ ಕಣೇ. ಇದು ನನ್ನ ಕೈಯ ಘನಕಾರ್ಯ."

ತಮ್ಮ ಹೊಲಿಗೆಯನ್ನು ತಾವೇ ಬಿಚ್ಚಿದರು. ಎಳೆಗಳನ್ನು ಹೊಸೆದು, ಟೇಪು ಸುತ್ತಿ, ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಸ್ವಿಚ್ ಹಾಕಿ, ಸದ್ದಿನ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದರು. ಎಡಗಡೆಯಿಂದ ಹಾಡು ಧುಮ್ಮಿಕ್ಕಿತು. ಒಂದು ತಿಂಗಳ ಭಯವೆಲ್ಲ ಅವಳ ಕಣ್ಣಲ್ಲಿ ನೀರಾಗಿ ಇಳಿಯಿತು. ಸೆರಗಿನಿಂದ ಒರೆಸಿಕೊಂಡವಳು ಎಡಗಿವಿ ಮುಚ್ಚಿಕೊಂಡು ಗದರಿದಳು:

"ಕಮ್ಮಿ ಮಾಡ್ರೀ! ಮನೇಲಿ ಕಿವುಡರಿದ್ದಾರಾ?"