ಹಣಿಗೆಯಲ್ಲಿ ಉಳಿದ ಎಳೆ

ಆದಿಲಕ್ಷ್ಮಮ್ಮನನ್ನು ಮನೆಗೆ ತಂದುಕೊಂಡದ್ದು ಮುಖ ನೋಡಿ ಅಲ್ಲ, ಬೆರಳು ನೋಡಿ. ಹಾಗಂತ ಅವಳ ಮಾವ ಕೋದಂಡರಾಮಯ್ಯ ಊರಿಗೆಲ್ಲ ಹೇಳಿಕೊಂಡು ಓಡಾಡುತ್ತಿದ್ದ. ಹೆಣ್ಣು ನೋಡಲು ಹೋದ ದಿನ ಆತ ಹಾಡು ಹೇಳಿಸಲಿಲ್ಲ, ನಡೆಸಿ ನೋಡಲಿಲ್ಲ. ಪಂಚೆಯ ಮಡಿಕೆಯಿಂದ ಎರಡು ತುಂಡು ನೂಲು ತೆಗೆದು, "ಇವೆರಡನ್ನ ಕೆಚ್ಚಮ್ಮ ನೋಡಾನ," ಎಂದನಂತೆ. ಎರಡು ನೂಲಿನ ತುದಿ ಸೇರಿಸಿ ಹೊಸೆಯುವುದಕ್ಕೆ ನೇಕಾರರು ಕೆಚ್ಚುವುದು ಅನ್ನುತ್ತಾರೆ. ಹುಡುಗಿ ಹೆಬ್ಬೆರಳು ತೋರುಬೆರಳ ನಡುವೆ ಒಂದೇ ಸಲ ಹೊಸೆದು ಕೊಟ್ಟಳು. ಜಗ್ಗಿದರೆ ನೂಲು ಬೇರೆ ಕಡೆ ಹರಿಯಿತೇ ಹೊರತು ಸೇರಿಸಿದ ಜಾಗ ಬಿಡಲಿಲ್ಲ. "ಮುಹೂರ್ತ ನೋಡ್ಸಿ," ಅಂದವನೇ ಆತ ಎದ್ದುಬಿಟ್ಟ.

ದೊಡ್ಡಬಳ್ಳಾಪುರಕ್ಕೆ ಎರಡು ಹರದಾರಿ ದೂರದ ಊರು ಅದು. ನೇಕಾರರದು ಒಂದೇ ಬೀದಿ, ಹದಿನೆಂಟು ಮನೆ, ಮನೆಗೊಂದು ಗುಂಡಿ ಮಗ್ಗ. ಗಂಡ ಜ್ವರದಲ್ಲಿ ತೀರಿಕೊಂಡ ಮೇಲೆ ಆದಿಲಕ್ಷ್ಮಮ್ಮ ತಾನೇ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತಳು. ಹೆಂಗಸು ಮಗ್ಗಕ್ಕೆ ಕೂರೋದೇ ಎಂದು ಮೂಗು ಮುರಿದವರಿದ್ದರು. ಅಷ್ಟು ಹೊತ್ತಿಗೆ ಮಾವನ ಎರಡು ಕಣ್ಣಿಗೂ ಪೊರೆ ಬಂದು ಬೆಳಕು ಆರಿತ್ತು. ಮುದುಕ ಪಕ್ಕದಲ್ಲಿ ಕೂತು, ನೇಯ್ದ ಸೀರೆಯ ಮೇಲೆ ಅಂಗೈ ಆಡಿಸಿ, "ಇಲ್ಲಿ ಏಟು ಸಡಿಲ ಬಿತ್ತು ಕಣಮ್ಮ, ಏನು ಯೋಚ್ನೆ ಮಾಡ್ತಿದ್ದೆ?" ಎಂದು ಕೇಳುತ್ತಿದ್ದ. ಅವನು ಹೇಳಿದ ಜಾಗದಲ್ಲಿ ಅವಳು ನಿಜವಾಗಿಯೂ ಏನೋ ಯೋಚನೆ ಮಾಡಿರುತ್ತಿದ್ದಳು.

ಎರಡನೆಯ ಮಹಾಯುದ್ಧ ಶುರುವಾಗಿ ನಾಲ್ಕನೆಯ ವರ್ಷಕ್ಕೆ ನೂಲು ಬರುವುದೇ ನಿಂತಿತು. ಬೆಳಗಿನಿಂದ ಬೈಗಿನವರೆಗೆ ಲಾಳಿ ಸದ್ದು ಕೇಳುತ್ತಿದ್ದ ಬೀದಿಯಲ್ಲಿ ಕಾಗೆ ಕೂಗಿದರೂ ಕೇಳುವಂತಾಯಿತು. ಗಂಡಸರು ಬೆಂಗಳೂರಿನ ಕಡೆ ದಂಡಿನವರ ಕೆಲಸಕ್ಕೆ ಕಲ್ಲು ಹೊರಲು ಹೋದರು. ಪಕ್ಕದ ಮನೆ ನಾಗಲಕ್ಷ್ಮಮ್ಮನ ಗಂಡ ಎರಡು ತಿಂಗಳು ಬಿಟ್ಟು ಬಂದಾಗ ಅವನ ಬೆರಳು ಒಡೆದು ಆವಿಗೆಯಲ್ಲಿ ಸುಟ್ಟ ಹೆಂಚಾಗಿತ್ತು. ಮನೆಯಲ್ಲಿದ್ದ ಹಳೆಯ ನೂಲು ಮುಟ್ಟಿ ನೋಡಿದ. ಎಳೆ ಚರ್ಮಕ್ಕೆ ಸಿಕ್ಕಿಕೊಂಡು ಪಟ್ಟನೆ ಹರಿಯಿತು. ಅವತ್ತು ಅವನು ಊಟ ಮಾಡಲಿಲ್ಲ.

ಅದನ್ನು ನೋಡಿದ ಮೇಲೆ ಆದಿಲಕ್ಷ್ಮಮ್ಮನಿಗೆ ಕಲ್ಲಿನ ಕೂಲಿ ಬೇಡವೇ ಬೇಡ ಅನ್ನಿಸಿತ್ತು. ಆದರೆ ಹೊಟ್ಟೆ ಕೇಳಬೇಕಲ್ಲ. ಇನ್ನೇನು ಹೋಗುವುದೇ ಸೈ ಅನ್ನುವ ಹೊತ್ತಿಗೆ, ಪಟ್ಟಣದ ಜವಳಿ ವರ್ತಕರು ಸೇರಿ ಒಂದು ನೆರವು ಸಮಿತಿ ಮಾಡಿದ್ದಾರೆ, ನಿಂತ ಮಗ್ಗವೊಂದಕ್ಕೆ ತಿಂಗಳಿಗೆ ಎಂಟು ರೂಪಾಯಿ ಕೈಗೇ ಕೊಡುತ್ತಾರೆ ಎಂಬ ಸುದ್ದಿ ಬಂತು.

ಮೊದಲ ತಿಂಗಳ ದುಡ್ಡನ್ನು ಅವಳು ತಲೆ ತಗ್ಗಿಸಿಕೊಂಡೇ ಈಸಿಕೊಂಡಳು. ದುಡಿಯದೆ ಕೈಗೆ ಬಂದ ದುಡ್ಡು ಅವಳ ಜನ್ಮದಲ್ಲಿ ಅದೇ ಮೊದಲು. ರಾಗಿ ತಂದಳು, ಉಪ್ಪು ತಂದಳು, ಮಾವನಿಗೆ ನಸ್ಯ ತಂದಳು. ಹರಳೆಣ್ಣೆಯಲ್ಲಿ ಅರ್ಧ ದೀಪಕ್ಕೆ, ಅರ್ಧ ಬೆರಳಿಗೆ. ದಿನಾ ಬೆಳಗ್ಗೆ ಎಣ್ಣೆ ಸವರಿಕೊಂಡು, ಮಗ್ಗದ ಧೂಳು ಒರೆಸಿ, ಒಂದಿಷ್ಟು ಹೊತ್ತು ಅದರ ಮುಂದೆ ಕೂತಿರುತ್ತಿದ್ದಳು.

"ಮಾರಾಣಿ ಕೂತವ್ಳೆ ನೋಡಿ! ಸೋಮಾರಿಗಳಿಗೆ ಸಂಬಳ!" ಎಂದು ಹೊಲದ ಕಡೆಯವರು ಯಾರೋ ಹಾದಿಯಲ್ಲಿ ನಿಂತು ಆಡಿಕೊಂಡರು.

ಮುದುಕ ಒಳಗಿನಿಂದಲೇ ಅಂದ: "ಬನ್ರಪ್ಪ, ನೀವೂ ಒಂದು ಗಳಿಗೆ ಕೂತ್ಕೊಳ್ಳಿ. ಸುಮ್ನೆ ಕೂರೋದು ಎಷ್ಟು ಕಷ್ಟ ಅಂತ ಗೊತ್ತಾಗ್ತದೆ."

ಎಂಟು ರೂಪಾಯಿ ಎರಡು ಹೊಟ್ಟೆಗೆ ಪೂರ್ತಿ ಸಾಲುತ್ತಿರಲಿಲ್ಲ. ಆದರೆ ಬೆರಳು ಉಳಿಸಿಕೊಳ್ಳಲು ಸಾಕಾಗುತ್ತಿತ್ತು.

ಮೂರನೆಯ ತಿಂಗಳು ಸಮಿತಿಯ ಗುಮಾಸ್ತ ಚಿನ್ನಸ್ವಾಮಿ ತಾನೇ ಬೀದಿಗೆ ಬಂದ. ಆತ ಮೊದಲು ರಾಗಿ ಮಂಡಿಯಲ್ಲಿದ್ದವನು. ಕೆಟ್ಟ ಮನುಷ್ಯ ಅಲ್ಲ, ಒಂದು ಕಾಸು ಮುಟ್ಟುವವನಲ್ಲ. ಚೀಲ ತುಂಬಿದೆಯೋ ಖಾಲಿಯೋ ಎಂಬುದು ಅವನಿಗೆ ಗೊತ್ತಿತ್ತು, ಮಗ್ಗ ಗೊತ್ತಿರಲಿಲ್ಲ. ಬಗ್ಗಿ ನೋಡಿದ. ನೂಲನ್ನು ಬಿಡಿಬಿಡಿಯಾಗಿ ಹಿಡಿಯುವ, ಬಾಚಣಿಗೆಯಂಥ ಹಣಿಗೆಯ ಸಂದುಸಂದಿನಲ್ಲೂ ಗೇಣುದ್ದದ ಎಳೆಗಳು ಜೋತಾಡುತ್ತಿದ್ದವು.

"ಏನಮ್ಮಾ, ಮಗ್ಗದಲ್ಲಿ ನೂಲೈತಲ್ಲ!"

"ಅದು ನೂಲಲ್ಲ ಸ್ವಾಮಿ, ತುದಿ."

"ತುದಿ ಅಂದ್ರೂ ನೂಲೇ ಅಲ್ವೇನಮ್ಮ? ಪಟ್ಟಣದಲ್ಲಿ ಒಬ್ಬ ಈ ದುಡ್ಡೂ ಈಸ್ಕೊಂಡು, ಕಳ್ಳನೂಲು ತಂದು ನೇಯ್ತಾನೂ ಇದ್ದ. ಅದಕ್ಕೇ ಈಗ ಖಾಲಿ ಮಗ್ಗಕ್ಕೆ ಮಾತ್ರ ಕೊಡಬೇಕು ಅಂತಾಗೈತೆ. ಕತ್ತರಿಸ್ಬಿಡಿ, ಖಾಲಿ ಅಂತ ಬರ್ಕೊಂಡು ಈಗ್ಲೇ ಎಂಟು ರೂಪಾಯಿ ಕೊಟ್ಟು ಹೋಗ್ತೀನಿ."

ಆ ತುದಿಗಳ ವಿಷಯ ನೇಕಾರರ ಮನೆಯ ಮಗುವಿಗೂ ಗೊತ್ತು. ಸೀರೆ ಮುಗಿದಾಗ ಹಾಸಿನ ಎಳೆಗಳನ್ನು, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಕಟ್ಟಿದ ನೂಲನ್ನು, ಪೂರ್ತಿ ತೆಗೆಯುವುದಿಲ್ಲ. ಹಣಿಗೆಯಲ್ಲಿ ಗೇಣುದ್ದ ಬಿಟ್ಟಿರುತ್ತಾರೆ. ಹೊಸ ನೂಲು ಬಂದಾಗ ಹಳೆಯ ತುದಿಗೆ ಹೊಸ ತುದಿ ಕೆಚ್ಚಿ ಎಳೆದುಕೊಂಡರೆ ಆಯಿತು, ಮಗ್ಗ ನಡೆಯಿತು. ಕತ್ತರಿಸಿ ಹಾಕಿದರೆ ಎರಡು ಸಾವಿರದ ಮೇಲಿನ ಎಳೆಗಳನ್ನು ಒಂದೊಂದಾಗಿ ಮತ್ತೆ ಹಣಿಗೆಗೆ ಹೊಗಿಸಬೇಕು. ಆ ಬೀದಿಯಲ್ಲಿ ಹೊಗಿಸಲು ಚೆನ್ನಾಗಿ ಬಲ್ಲವನು ಕೋದಂಡರಾಮಯ್ಯ ಒಬ್ಬನೇ. ಆದಿಲಕ್ಷ್ಮಮ್ಮನ ಹಣಿಗೆಗೆ ಆತ ಕಣ್ಣಿದ್ದಾಗ ಹೊಗಿಸಿದ್ದು ಹನ್ನೊಂದು ವರ್ಷದ ಹಿಂದೆ. ಅಲ್ಲಿಂದ ಈಚೆಗೆ ನೇಯ್ದ ಪ್ರತಿ ಸೀರೆಯೂ ಹಿಂದಿನದರ ತುದಿ ಹಿಡಿದುಕೊಂಡೇ ಬಂದಿತ್ತು.

ನಾಗಲಕ್ಷ್ಮಮ್ಮ ಬಾಗಿಲಲ್ಲಿ ನಿಂತಿದ್ದಳು. "ಅಕ್ಕಯ್ಯ, ನಾನು ಕತ್ತರಿಸ್ಬಿಟ್ಟೆ ಕಣೆ. ಮೂರು ಮಕ್ಕಳು ತಟ್ಟೆ ಇಟ್ಕೊಂಡು ಕೂತವೆ. ನೂಲು ಬಂದಾಗ ನೋಡ್ಕೊಳ್ಳಾನ. ನಿಂದೇನು ಚಿನ್ನದ ಎಳೆನಾ?"

"ಶುಕ್ರವಾರದವರೆಗೂ ಯೋಚ್ನೆ ಮಾಡಿ," ಅಂದ ಚಿನ್ನಸ್ವಾಮಿ, ಪಾಪ, ಅವಳ ಮುಖ ನೋಡಲಾರದೆ. "ಆಮೇಲೆ ಹೆಸರು ಹೊಡೆದಾಕ್ತಾರೆ. ನನ್ ಕೈಲಿಲ್ಲ."

ಮಡಕೆಯಲ್ಲಿದ್ದ ರಾಗಿಹಿಟ್ಟು ನಾಲ್ಕು ದಿನಕ್ಕೆ ಬರುವಷ್ಟಿತ್ತು. ಮುದುಕ ಅಂದ: "ಕತ್ತರ್ಸು ತಾಯಿ. ಹೊಗಿಸ್ದವನು ನಾನೇ, ಹೇಳ್ತಿರೋನೂ ನಾನೇ."

ಅವಳು ಕುಡುಗೋಲು ತಂದು ಗುಂಡಿಯಲ್ಲಿ ಕೂತಳು. ಅಂಚಿನ ಮೊದಲ ಎಳೆಗೆ ಅಲಗು ತಾಗಿಸಿದಳು. ಟಿಕ್ಕೆಂದಿತು. ಅಷ್ಟು ಸಣ್ಣ ಸದ್ದಿಗೆ ಮುದುಕನ ಕೈಲಿದ್ದ ನಸ್ಯ ನೆಲಕ್ಕೆ ಚೆಲ್ಲಿತು. ಆತ ಚೆಲ್ಲಿದ್ದನ್ನು ತಡಕಾಡಿ ಗುಡಿಸತೊಡಗಿದ.

ಆದಿಲಕ್ಷ್ಮಮ್ಮ ಕುಡುಗೋಲು ಕೆಳಗಿಟ್ಟಳು. ಕತ್ತರಿಸಿದ ಎಳೆಯನ್ನು ಮತ್ತೆ ಕೆಚ್ಚಿದಳು. ಆಮೇಲೆ ಕಟ್ಟು ಬಿಚ್ಚಿ, ಒಂದು ಎಳೆಯೂ ಜಾರದಂತೆ ಹಣಿಗೆಯನ್ನು ತುದಿಗಳ ಸಮೇತ ಮಗ್ಗದಿಂದ ಎತ್ತಿದಳು. ಗಂಡನ ಹಳೆಯ ಪಂಚೆಯಲ್ಲಿ ಸುತ್ತಿದಳು.

ಶುಕ್ರವಾರ ಆ ಗಂಟನ್ನು ತಲೆಯ ಮೇಲೆ ಹೊತ್ತು ಪಟ್ಟಣಕ್ಕೆ ನಡೆದಳು. ಸಮಿತಿಯ ಯಜಮಾನ ದೊಡ್ಡವೆಂಕಟಪ್ಪ ತನ್ನ ಜವಳಿ ಅಂಗಡಿಯ ದಿಂಬಿಗೆ ಒರಗಿ ಕೂತಿದ್ದ. ಒಂದು ಕಾಲಕ್ಕೆ ಆತನೂ ಗುಂಡಿಯಲ್ಲಿ ಕಾಲಿಟ್ಟವನೇ, ಈಗ ಹೊಟ್ಟೆ ಬಂದು ಮಗ್ಗ ಮರೆತಿತ್ತು. ಅವಳು ಗಂಟು ಬಿಚ್ಚಿ ಅವನ ಮುಂದೆ ಹಾಸಿದಳು. ಪಕ್ಕದಲ್ಲಿ ಕುಡುಗೋಲು ಇಟ್ಟಳು.

"ಮಗ್ಗ ಖಾಲಿ ಐತೆ ಯಜಮಾನ್ರೇ, ಯಾರು ಬೇಕಾದ್ರೂ ಬಂದು ನೋಡ್ಲಿ. ಇದನ್ನೂ ಕತ್ತರಿಸ್ಬೇಕು ಅಂದ್ರೆ ನೀವೇ ಕತ್ತರ್ಸಿ. ನನ್ ಕೈಲಾಗ್ಲಿಲ್ಲ."

ದೊಡ್ಡವೆಂಕಟಪ್ಪನ ಕೈ ತಾನಾಗಿ ಎಳೆಗಳ ಮೇಲೆ ಹೋಯಿತು. ತುಸು ಹೊತ್ತು ಹಾಗೇ ಸವರುತ್ತಿದ್ದ.

"ಯಾರಮ್ಮ ಹೊಗಿಸಿದ್ದು?"

"ನಮ್ಮಾವ, ಕೋದಂಡರಾಮಯ್ಯ."

"ಅದೇ ಅಂದ್ಕೊಂಡೆ." ಆಮೇಲೆ ಮೂಲೆಯಲ್ಲಿ ಲೆಕ್ಕ ಬರೆಯುತ್ತಿದ್ದ ಗುಮಾಸ್ತನ ಕಡೆ ತಿರುಗಿದ. "ಏನಪ್ಪಾ ಚಿನ್ನಸ್ವಾಮಿ, ಎಷ್ಟು ಮನೇಲಿ ಕತ್ತರಿಸ್ದೆ?"

"ಹನ್ನೊಂದು, ಯಜಮಾನ್ರೇ. ಖಾಲಿ ಇರಬೇಕು ಅಂತ ತಾವೇ..."

"ಹೌದು, ನಾನೇ ಅಂದಿದ್ದು," ಎಂದ ದೊಡ್ಡವೆಂಕಟಪ್ಪ. "ಈಯಮ್ಮನ ದುಡ್ಡು ಕೊಡು. ಉಳಿದ ಆರು ಮನೆಗೂ ಕೊಡು. ಕತ್ತರಿ ಮುಟ್ಟಬೇಡ."

ಯುಗಾದಿ ಕಳೆದು ವಾರಕ್ಕೆ, ಮನೆಮನೆಗೂ ಒಂದು ಹಾಸಿನಷ್ಟು ನೂಲು ಬಂತು. ಆದಿಲಕ್ಷ್ಮಮ್ಮ ಹಣಿಗೆಯನ್ನು ಮಗ್ಗಕ್ಕೆ ಏರಿಸಿ, ಎರಡು ದಿನ ತಲೆ ಎತ್ತದೆ ಕೆಚ್ಚಿದಳು. ಮೂರನೆಯ ದಿನ ಬೀದಿಯಲ್ಲಿ ಲಾಳಿ ಸದ್ದಾಯಿತು. ಆ ಸದ್ದಿಗೆ ಬಂದು ನಿಂತ ನಾಗಲಕ್ಷ್ಮಮ್ಮನ ಕೈಯಲ್ಲಿ ನೂಲಿತ್ತು. ಹೊಗಿಸುವವನು ಪಟ್ಟಣದಲ್ಲಿ ಒಬ್ಬನಿದ್ದ. ಅವನು ಕೇಳುವ ಕೂಲಿ ಅವಳಲ್ಲಿರಲಿಲ್ಲ.

ಅದೇ ಹೊತ್ತಿಗೆ ಚಿನ್ನಸ್ವಾಮಿಯೂ ಬಂದ.

"ನಮ್ಮ ಹೆಸರು ಹೊಡೆದಾಕಿ ಸ್ವಾಮಿ," ಎಂದಳು ಆದಿಲಕ್ಷ್ಮಮ್ಮ, ಲಾಳಿ ನಿಲ್ಲಿಸದೆ. "ಮಗ್ಗ ನಡೀತೈತೆ."

"ಸಂತೋಷ ಕಣಮ್ಮ. ನಾಗಲಕ್ಷ್ಮಮ್ಮಂದೂ ಹೊಡೆದಾಕ್ತೀನಿ, ನೂಲು ಬಂತಲ್ಲ."

ಲಾಳಿ ನಿಂತಿತು. "ಅವಳ ಮಗ್ಗ ಇನ್ನೂ ಖಾಲಿನೇ. ನೀವೇ ನಿಂತು ಖಾಲಿ ಮಾಡ್ಸಿದ್ದು."

ಚಿನ್ನಸ್ವಾಮಿ ಬರೆಯಲು ತೆಗೆದ ಪೆನ್ಸಿಲನ್ನು ಮತ್ತೆ ಕಿವಿಗೆ ಸಿಕ್ಕಿಸಿಕೊಂಡ. ಮುದುಕ ಗೋಡೆ ಹಿಡಿದು ಎದ್ದ. "ನನ್ನ ಆ ಮನೆಗೆ ಕರ್ಕೊಂಡು ಹೋಗಮ್ಮ. ಹಣಿಗೆ ಸಂದು ಕಣ್ಣಿಗೆ ಕಾಣಬೇಕಾ? ಬೆರಳಿಗೆ ಸಿಕ್ಕಿದ್ರೆ ಸಾಕು. ಆಚೆ ಕಡೆಯಿಂದ ಎಳೆ ಕೊಡೋಕೆ ಒಬ್ಬರು ಬೇಕು."

"ನನ್ ಗಂಡನ ಬೆರಳು ಎಳೆ ಹಿಡಿಯಲ್ಲ ಮಾವಯ್ಯ," ಎಂದಳು ನಾಗಲಕ್ಷ್ಮಮ್ಮ. ಆಮೇಲೆ ಗುಮಾಸ್ತನ ಕೈ ನೋಡಿದಳು. "ಈ ಸ್ವಾಮಿಗಳದ್ದು ನೋಡಿ, ಬೆಣ್ಣೆ ಇದ್ದಂಗವೆ!"

ಚಿನ್ನಸ್ವಾಮಿ ಅವರ ಹಿಂದೆಯೇ ನಾಗಲಕ್ಷ್ಮಮ್ಮನ ಮನೆಗೆ ಹೋದ. ಕೋಟು ಬಿಚ್ಚಿ ಗೂಟಕ್ಕೆ ಹಾಕಿ, ಮಗ್ಗದ ಆಚೆ ಬದಿಗೆ ಹೋಗಿ ಚಕ್ಕಳಮಕ್ಕಳ ಕೂತ. ಈಚೆ ಬದಿಯಲ್ಲಿ ಕುರುಡ ಮುದುಕ. ಗುಮಾಸ್ತ ಮೊದಲ ಎಳೆ ಕೊಟ್ಟು "ಒಂದು" ಅಂದ, ಎರಡನೆಯದು ಕೊಟ್ಟು "ಎರಡು" ಅಂದ. ಹತ್ತಕ್ಕೆ ಬರುವಷ್ಟರಲ್ಲಿ ಎಳೆ ಕೈತಪ್ಪಿತು.

ಹಣಿಗೆಯ ಸಂದಿನಲ್ಲಿ ಬೆರಳಿಟ್ಟುಕೊಂಡು ಕಾಯುತ್ತಿದ್ದ ಕೋದಂಡರಾಮಯ್ಯ ಗದರಿದ: "ಗುಮಾಸ್ತರೇ, ಎಣಿಸೋದು ಬಿಡಿ, ಕೊಡ್ತಾ ಹೋಗಿ."

ಪಕ್ಕದಲ್ಲಿ, ಆದಿಲಕ್ಷ್ಮಮ್ಮನ ಮನೆಯಲ್ಲಿ, ಲಾಳಿ ಮತ್ತೆ ಶುರುವಾಗಿತ್ತು.