ಅಪ್ಪನ ರಿವಾಲ್ವರಿಗೆ ತೆಂಗಿನೆಣ್ಣೆ

ಸೊಸೆ ತೆಂಗಿನೆಣ್ಣೆ ಬಿಟ್ಟಿದ್ದ ಬೀಗ ಇವತ್ತು ಚಳಿಗೆ ಕಚ್ಚಿಕೊಂಡಿತು. ಆ ವಾಸನೆಗೆ ಅಪ್ಪನ ರಿವಾಲ್ವರ್ ನೆನಪಾಯಿತು.

ಜಾಗದ ತಕರಾರಿನಲ್ಲಿ ಜೀವಬೆದರಿಕೆ ಬಂದಮೇಲೆ ಅಪ್ಪ ದಿನವೂ ಅದನ್ನು ಸೊಂಟಕ್ಕೆ ಸಿಕ್ಕಿಸಿ ನೆಕ್ರಾಜೆಯ ಗದ್ದೆಗೆ ಹೋಗುತ್ತಿದ್ದರು. ಭಾನುವಾರ ಗುಂಡು ತೆಗೆದಿಟ್ಟು, ಹಳೆ ಪಂಚೆಯ ತುಂಡಿನಲ್ಲಿ ಒರೆಸಿ, ತೆಂಗಿನೆಣ್ಣೆ ಸುರಿಯುತ್ತಿದ್ದರು. ಬೆಳಗಿನ ಚಳಿಗೆ ಅದು ಹೆಪ್ಪುಗಟ್ಟಿ, ಗುಂಡಿನ ಚಕ್ರವೇ ತಿರುಗುತ್ತಿರಲಿಲ್ಲ.

ಹಾಸ್ಟೆಲಿನಿಂದ ರಜೆಗೆ ಬಂದ ನಾನು ಅಂಗಲಾಚಿದೆ: "ಅಪ್ಪಾ, ಜಾಮ್ ಆಗ್ತದೆ. ಹೊಲಿಗೆ ಮೆಷಿನಿನ ಆಯಿಲ್ ಒಂದು ಡ್ರಾಪ್ ಸಾಕು."

"ನಿನ್ನ ತಲೆಗೆ ಆಗುವ ಎಣ್ಣೆ ಇದಕ್ಕೆ ಆಗುದಿಲ್ವಾ, ಇಂಗ್ಲಿಷ್ ದೊರೆ?"

ಅಪ್ಪ ಗದ್ದೆಗೆ ಹೋದರೆ ಸಂಜೆಯ ತನಕ ನಾನು ಗೇಟಿನಲ್ಲೇ ಕಾಯುತ್ತಿದ್ದೆ. ಅಪ್ಪ ನಗುತ್ತಾ ಬಂದು, "ಎಂತ ಆಯ್ತು ಈಗ?" ಎನ್ನುತ್ತಿದ್ದರು. ಗುಂಡು ಹಾರಿಸುವ ಅಗತ್ಯ ಬೀಳಲೇ ಇಲ್ಲ. ಹೊತ್ತಿಗೆ ಅದು ಕೈಕೊಡುತ್ತದೆಂಬ ನನ್ನ ಮಾತು ನಿಜವೆಂದು ತೋರಿಸಲೂ ಆಗಲಿಲ್ಲ.

ಇವತ್ತು ಕೀಲಿ ತಿರುಗದ ಬೀಗ ಕೈಯಲ್ಲಿದೆ. ತೋರಿಸೋಣವೆಂದರೆ ಅಪ್ಪ ಇಲ್ಲ.