ಮಿರ್ಚಿ ಕಚ್ಚುವುದನ್ನು ಬಿಟ್ಟ ಪಂಚಮಿ

ಪಂಚಮಿ ಹತ್ತಿರ ಬಂತೆಂದರೆ ಕೊಟ್ಟೂರಿನ ನಮ್ಮ ಓಣಿಯ ಹುಡುಗಿಯರೆಲ್ಲ ಜೋಕಾಲಿಗೆ ಹಗ್ಗ ಹುಡುಕುತ್ತಿದ್ದ ಕಾಲ ಅದು. ಆ ವರ್ಷ ನಾನೊಬ್ಬಳು ಮಾತ್ರ ಬೆರಳಿಗೆ ಅರಿಶಿನ ಮೆತ್ತಿಕೊಂಡು ಕೂತಿದ್ದೆ. ಕಾರಣ, ಮಿರ್ಚಿ.

ಕಾರಹುಣ್ಣಿಮೆ ಮುಗಿದ ಮೇಲೆ ಹೊಲದ ಬಾವಿಯಿಂದ ನಾನೇ ಟವೆಲಿನಲ್ಲಿ ಸುತ್ತಿ ತಂದಿದ್ದ ನೀರುಹಾವಿನ ಮರಿ ಅದು. ಉದ್ದ ಗೇಣಿಗಿಂತ ತುಸು ಹೆಚ್ಚು, ವಿಷವಿಲ್ಲ, ಸಿಟ್ಟು ಮಾತ್ರ ಮೈತುಂಬ. ಡಬ್ಬಿಯ ಮುಚ್ಚಳ ತೆಗೆದರೆ ಕಚ್ಚುತ್ತಿತ್ತು, ನೀರು ಬದಲಿಸಿದರೆ ಕಚ್ಚುತ್ತಿತ್ತು. ಪ್ರೀತಿಯಿಂದ ಎತ್ತಿಕೊಂಡರೆ ಕಚ್ಚುವುದಲ್ಲದೆ ಅಂಗೈಗೆ ಗಬ್ಬುನೀರನ್ನೂ ಬಿಡುತ್ತಿತ್ತು. ಸೋಪು ಹಚ್ಚಿ ಎಷ್ಟು ತಿಕ್ಕಿದರೂ ರೊಟ್ಟಿ ಮುರಿಯುವಾಗ ಅದೇ ವಾಸನೆ. ಇಂಥದ್ದನ್ನು ಸಾಕುವ ದರ್ದು ನನಗೇನಿತ್ತೋ!

ಅದರ ಮೇಲೆ ಅಜ್ಜಿ ಬೇರೆ. ದಿನಾ ಬೆಳಿಗ್ಗೆ ಡಬ್ಬಿಗೆ ಬೆಲ್ಲದ ಹಾಲು ಸುರಿಯುವಳು.

"ಅಜ್ಜಿ, ಅದು ಬಾವ್ಯಾಗ ಕಪ್ಪಿಮರಿ ನುಂಗೋದು ನೋಡೀನಿ. ಅದನ್ನ ಹಾಕೋಣು," ಎಂದೆ.

"ಬಾಯಿ ಮುಚ್ಚಲೇ! ಲಿಂಗ ಕಟ್ಟಿದ ಮನ್ಯಾಗ ಕಪ್ಪಿ ತರ್ತೀಯೇನು? ನಾಗಪ್ಪಗ ಹಾಲು ಸಾಕು."

ನಾನೂ ಹಟ ಹಿಡಿಯಲಿಲ್ಲ. ಕಪ್ಪೆ ಮುಟ್ಟಲು ನನಗೂ ಹೇಸಿಗೆಯಿತ್ತಲ್ಲ. ಮಿರ್ಚಿ ಹಾಲಿಗೆ ಮೂತಿಯನ್ನೂ ತಾಗಿಸಲಿಲ್ಲ. ಹುಳಿ ನಾರುವ ಡಬ್ಬಿಯನ್ನು ತೊಳೆಯುವವಳು ನಾನು, ಕಚ್ಚಿಸಿಕೊಳ್ಳುವವಳೂ ನಾನೇ.

ಪಂಚಮಿಯ ದಿನ ಅಜ್ಜಿ ಮಣ್ಣಿನ ನಾಗಪ್ಪನಿಗೆ ಮನೆಯ ಒಬ್ಬೊಬ್ಬರ ಹೆಸರಲ್ಲೂ ಒಂದೊಂದು ಹನಿ ಹಾಲೆರೆಯುತ್ತ, "ಅಪ್ಪನ ಪಾಲು, ಅವ್ವನ ಪಾಲು," ಎನ್ನುತ್ತಿದ್ದಳು. ಕೊನೆಗೆ ನನ್ನತ್ತ ನೋಡಿ "ಮಿರ್ಚಿ ಪಾಲು," ಎಂದು ಇನ್ನೊಂದು ಹನಿ ಬಿಟ್ಟಳು. ನಾನು ಓಡಿಹೋಗಿ ಮುಚ್ಚಳ ತೆಗೆದೆ. ಮಿರ್ಚಿ ಕಚ್ಚಲಿಲ್ಲ! ಅಂಗೈಯಲ್ಲಿ ಸುರುಳಿ ಸುತ್ತಿ ಸುಮ್ಮನೆ ಮಲಗಿತು. ಬಾಯಲ್ಲಿದ್ದ ಅಳ್ಳಿಟ್ಟಿನ ಉಂಡೆಯನ್ನೂ ನುಂಗದೆ ಕೂಗಿದೆ: "ನೋಡ್ರಿ, ನನ್ನ ಗುರುತು ಹಿಡದೈತಿ!"

ಹಬ್ಬಕ್ಕೆ ಹಗರಿಬೊಮ್ಮನಹಳ್ಳಿಯಿಂದ ಬಂದಿದ್ದ ಮಾವ ಬಗ್ಗಿ ನೋಡಿದ. "ಗುರುತೂ ಇಲ್ಲ, ಏನೂ ಇಲ್ಲವ್ವ. ಉಪಾಸ ಬಿದ್ದು ಸೋತೈತಿ. ಹಿಂಗ ಇಟ್ಟರ ಸಾಯ್ತತಿ."

ಅಜ್ಜಿಯ ಕೈಯ ಗಿಂಡಿ ಅಲ್ಲೇ ನಿಂತಿತು. "ನಂಗೇನ್ ಗೊತ್ತಿತ್ತವ್ವ," ಎಂದಳು. ನನಗೆ ಗೊತ್ತಿತ್ತು. ನಾಚಿಕೆಯಿಂದ ನನಗೆ ಅವಳ ಮುಖ ನೋಡಲಾಗಲಿಲ್ಲ.

ಮಾವ ಬೈಕಿನಲ್ಲಿ ಬಾವಿಗೆ ಕರೆದೊಯ್ದ. ಕೆಳಗಿನ ಮೆಟ್ಟಿಲ ಮೇಲೆ ಮಿರ್ಚಿಯನ್ನು ಇಳಿಸಿದೆ. ಅದು ಅಲುಗಲಿಲ್ಲ. ಬೆರಳನ್ನು ಅದರ ಮೂತಿಗೇ ಹಿಡಿದೆ.

"ಕಚ್ಚಲೇ! ಒಂದ್ಸಲ ಕಚ್ಚಲೇ!"

ತಿಂಗಳಿಡೀ ಕಚ್ಚಿ ಪ್ರಾಣ ತಿಂದದ್ದು ಆಗ ಮಾತ್ರ ಕಚ್ಚಲಿಲ್ಲ. ಮೆಲ್ಲಗೆ ಜಾರಿ ನೀರಿಗಿಳಿಯಿತು. ಬದುಕಿತೋ ಇಲ್ಲವೋ, ಇಂದಿಗೂ ನನಗೆ ತಿಳಿಯದು.

ಆ ಬಾವಿಯನ್ನು ಈಗ ಕಲ್ಲುಮಣ್ಣು ತುಂಬಿ ಮುಚ್ಚಿದ್ದಾರೆ. ಅಲ್ಲಿ ಕಪ್ಪೆಯ ದನಿಯೂ ಇಲ್ಲ. ಮಿರ್ಚಿಗೂ ಒಂದು ಪಾಲು ಎರೆದ ಅಜ್ಜಿಯೂ ಇಲ್ಲ. ಪಂಚಮಿ ಬಂದಾಗ ನನ್ನ ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತೇನೆ. ಅಷ್ಟೊಂದು ಕಚ್ಚಿತಲ್ಲ ಹಾಳಾದ್ದು, ಒಂದಾದರೂ ಕಲೆ ಉಳಿಸಿ ಹೋಗಬಾರದಿತ್ತೇ?